ನಾವಿಕರ ಬಂಧು ಸ್ಯಾಮ್ಯುಅಲ್ ಪ್ಲಿಮ್‌ಸಾಲ್

ಪಣಂಬೂರಿನ ಹೊಸ ಮಂಗಳೂರು ಬಂದರದಲ್ಲಿ ಕಲ್ಲಿದ್ದಲು ಹೊತ್ತು ತಂದ ಹಡಗೊಂದು ಧಕ್ಕೆಗೆ ತಾಗಿ ನಿಂತಿರುವುದನ್ನು ಕಾಣುವ ಅವಕಾಶ ದೊರೆತವರು ಒಂದು ಸಣ್ಣ ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಸರಕು ಇಳಿದಂತೆಲ್ಲ ಹಡಗು ಮೆಲ್ಲಮೆಲ್ಲನೆ ಮೇಲಕ್ಕೇಳುತ್ತದೆ. ಆಗ ಅದರ ನಡುಪಕ್ಕೆಯಲ್ಲಿ ಒಂದು ವರ್ತುಳವೂ, ಆ ವರ್ತುಳವನ್ನು ಅಡ್ಡಲಾಗಿ ಹಾಯ್ದುಹೋಗುವ ಒಂದು ಗೆರೆಯೂ ಕಣ್ಣಿಗೆ ಬೀಳುತ್ತವೆ. ವರ್ತುಳದ ಅಡ್ಡಳತೆ 300 ಮಿಲಿಮೀಟರು; ಗೆರೆಯ ಉದ್ದ 450 ಮಿಲಿಮೀಟರು, ದಪ್ಪ 25 ಮಿಲಿಮೀಟರು. ಬೃಹದಾಕಾರದ ಹಡಗಿನ ಮೈಮೇಲೆ ಇದು ಆನೆಯ ಹಣೆಗಿಟ್ಟ ಬೊಟ್ಟಿನಂತೆ ತೋರುತ್ತದೆ. ಬಣ್ಣ ಮಾಸಿದರೂ ಗುರುತು ಅಳಿಯದಂತೆ ಅದನ್ನು ಉಕ್ಕಿನ ಮೇಲೆ ಶಾಶ್ವತವಾಗಿ ಮೂಡಿಸಿರುತ್ತಾರೆ.

ಇದು ಹಡಗು ಕಟ್ಟಿದವನ ಅಲಂಕಾರವಲ್ಲ, ಕಾಯದೆಯ ಗೆರೆ. ಸರಕಿನ ಭಾರದಿಂದ ಹಡಗು ನೀರಿನಲ್ಲಿ ಎಷ್ಟು ಆಳಕ್ಕೆ ಇಳಿಯಬಹುದು, ಎಷ್ಟನ್ನು ಮೀರಿ ಇಳಿಯಕೂಡದು ಎಂಬ ಮೇರೆಯನ್ನು ಅದು ತೋರಿಸುತ್ತದೆ. ಓದುಬರಹ ಬಾರದ ಕೂಲಿಯಾಳು ಕೂಡ ಧಕ್ಕೆಯ ಮೇಲೆ ನಿಂತು ಹಡಗು ನ್ಯಾಯವಾಗಿ ಹೊರಟಿದೆಯೇ ಅನ್ಯಾಯವಾಗಿ ಹೊರಟಿದೆಯೇ ಎಂಬುದನ್ನು ಬರಿಗಣ್ಣಿನಿಂದ ತಿಳಿಯಬಹುದಾದಂಥ ಕಾಯದೆ ಲೋಕದಲ್ಲಿ ಇನ್ನೊಂದು ದೊರೆಯುವುದು ಕಷ್ಟ. ಈ ಗೆರೆಗೆ ಇಂದಿಗೂ ಒಬ್ಬ ಮನುಷ್ಯನ ಹೆಸರೇ ರೂಢಿಯಲ್ಲಿದೆ. ಆತ ನಾವಿಕನಾಗಿರಲಿಲ್ಲ, ಹಡಗಿನ ಮಾಲಕನಾಗಿರಲಿಲ್ಲ, ನ್ಯಾಯಪಂಡಿತನೂ ಆಗಿರಲಿಲ್ಲ. ಕಲ್ಲಿದ್ದಲು ಮಾರಿ ಬದುಕಿದ ಒಬ್ಬ ಇಂಗ್ಲಿಷ್ ವ್ಯಾಪಾರಿ ಆತ. ಅವರ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡುವುದಕ್ಕೆ ಕಾರಣವುಂಟು. ಕಾಯದೆ ಮಾಡುವುದು ಬೇರೆ, ಅದನ್ನು ಕಾಯದೆಯಾಗಿ ಉಳಿಸುವುದು ಬೇರೆ ಎಂಬ ಮಾತು ಅವರ ಜೀವಿತದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆಯಲ್ಲಿ ಕಾಣುವುದು ಅಪರೂಪ.

ಸ್ಯಾಮ್ಯುಅಲ್ ಪ್ಲಿಮ್‌ಸಾಲರು 1824ನೆಯ ಇಸವಿಯ ಫೆಬ್ರುವರಿ 10ರಂದು ಬ್ರಿಸ್ಟಲ್ ಪಟ್ಟಣದಲ್ಲಿ ಹುಟ್ಟಿದರು. ತಂದೆ ಅಬಕಾರಿ ಖಾತೆಯ ನೌಕರರು. ಮನೆಯಲ್ಲಿ ಮಕ್ಕಳು ಬಹಳ, ಆದಾಯ ಕಡಿಮೆ. ಪೆನ್ರಿತ್‌ನಲ್ಲಿಯೂ ಶೆಫೀಲ್ಡಿನಲ್ಲಿಯೂ ಅವರ ಬಾಲ್ಯ ಕಳೆಯಿತು. ದೀರ್ಘಕಾಲದ ವಿದ್ಯಾಭ್ಯಾಸಕ್ಕೆ ಅನುಕೂಲವಿಲ್ಲದೆ ಎಳೆಯ ವಯಸ್ಸಿನಲ್ಲಿಯೇ ದುಡಿಮೆಗೆ ಇಳಿದರು. ಶೆಫೀಲ್ಡಿನ ಒಂದು ಬಿಯರು ತಯಾರಿಸುವ ಕಾರಖಾನೆಯಲ್ಲಿ ಗುಮಾಸ್ತರಾಗಿ ಸೇರಿ, ಪ್ರಾಮಾಣಿಕತೆಯಿಂದಲೂ ಚುರುಕಿನಿಂದಲೂ ವ್ಯವಸ್ಥಾಪಕರ ಸ್ಥಾನಕ್ಕೆ ಏರಿದರು. 1851ರಲ್ಲಿ ಲಂಡನ್ನಿನಲ್ಲಿ ನೆರೆದ ಮಹಾ ಪ್ರದರ್ಶನಕ್ಕೆ ಶೆಫೀಲ್ಡಿನ ಪರವಾಗಿ ಗೌರವ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. ಇಷ್ಟರವರೆಗೆ ಅವರ ಬಾಳು ಆ ಕಾಲದ ಸಾವಿರಾರು ಉದ್ಯೋಗಶೀಲ ತರುಣರ ಬಾಳಿನಂತೆಯೇ ಇತ್ತು.

ಮುಂದೆ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ, ಅವರು ಇದ್ದ ಕೆಲಸವನ್ನು ಬಿಟ್ಟು ಲಂಡನ್ನಿಗೆ ಹೋಗಿ ಸ್ವತಂತ್ರವಾಗಿ ಕಲ್ಲಿದ್ದಲಿನ ವ್ಯಾಪಾರವನ್ನು ಆರಂಭಿಸಿದರು. ವ್ಯಾಪಾರ ಮುಳುಗಿತು. ಕೂಡಿಟ್ಟ ಹಣವೆಲ್ಲ ಹೋಗಿ, ದಿಕ್ಕಿಲ್ಲದವರು ರಾತ್ರಿ ಕಳೆಯುವ ಅಗ್ಗದ ವಸತಿಗೃಹಗಳಲ್ಲಿ ತಂಗುವ ಹೊತ್ತು ಬಂದಿತು. ವಾರಕ್ಕೆ ಎಂಟು ಶಿಲಿಂಗಿಗೂ ಕಡಿಮೆ ಹಣದಲ್ಲಿ ಊಟ ವಸತಿಗಳನ್ನು ಸಾಗಿಸಿದರು. ಕೂಲಿ ದೊರೆತ ದಿನ ತನ್ನ ರೊಟ್ಟಿಯಲ್ಲಿ ಪಕ್ಕದವನಿಗೆ ಪಾಲು ಕೊಡುವವರನ್ನೂ, ಕೆಲಸ ಹುಡುಕಿ ಕಾಲು ಸೋತು ಮರಳಿದರೂ ಮಾನ ಬಿಡದವರನ್ನೂ ಅವರು ಅಲ್ಲಿ ಕಂಡರು. ಬಡವನೆಂದರೆ ಸೋಮಾರಿ, ಕುಡುಕ ಎಂದು ಶ್ರೀಮಂತರ ಸಮಾಜದಲ್ಲಿ ಬೇರೂರಿದ್ದ ಭಾವನೆ ಸುಳ್ಳೆಂಬುದನ್ನು ಅವರು ಪುಸ್ತಕದಿಂದಲ್ಲ, ಅನುಭವದಿಂದ ಕಲಿತರು. ಆ ದಿನಗಳನ್ನು ಅವರು ಎಂದೂ ಮರೆಯಲಿಲ್ಲ, ಮರೆಮಾಚಲೂ ಇಲ್ಲ.

ಕೆಲಕಾಲದ ಮೇಲೆ ಅದೃಷ್ಟ ತಿರುಗಿತು. ರೈಲುಮಾರ್ಗದಿಂದ ಲಂಡನ್ನಿಗೆ ಕಲ್ಲಿದ್ದಲು ತರಿಸುವ ವ್ಯಾಪಾರದಲ್ಲಿ ಅವರು ನೆಲೆಯೂರಿದರು. ಕಲ್ಲಿದ್ದಲು ಪುಡಿಯಾಗದಂತೆ ಇಳಿಸುವ ಏರ್ಪಾಡನ್ನು ಮಾಡಿ ಹಣ ಗಳಿಸಿದರು. ಎಲಿಝಾ ರೇಲ್ಟನ್ ಎಂಬವರನ್ನು ಮದುವೆಯಾದರು. 1865ರಲ್ಲಿ ಡರ್ಬಿ ಪಟ್ಟಣದಿಂದ ಪಾರ್ಲಿಮೆಂಟಿನ ಚುನಾವಣೆಗೆ ನಿಂತು ಸೋತರು. 1868ರಲ್ಲಿ ಅದೇ ಕ್ಷೇತ್ರದಿಂದ ಉದಾರ ಪಕ್ಷದ ಸದಸ್ಯರಾಗಿ ಆರಿಸಿಬಂದರು. ಡರ್ಬಿ ಕಡಲಿಂದ ದೂರದ ಒಳನಾಡಿನ ಊರು. ಅಲ್ಲಿಯ ಮತದಾರರು ನಾವಿಕರಲ್ಲ. ಆದುದರಿಂದ ಮುಂದೆ ಅವರು ಕೈಗೆತ್ತಿಕೊಂಡ ಕಾರ್ಯದಲ್ಲಿ ಮತದ ಆಸೆ ಇತ್ತೆಂದು ವೈರಿಗಳೂ ಹೇಳುವಂತಿರಲಿಲ್ಲ.

ಆ ಕಾರ್ಯವೇನೆಂಬುದನ್ನು ತಿಳಿಯಬೇಕಾದರೆ ಅಂದಿನ ನೌಕಾವ್ಯಾಪಾರದ ಸ್ಥಿತಿಯನ್ನು ನೋಡಬೇಕು. ಹಡಗಿನ ಒಡಲು ನೀರಿನಿಂದ ಮೇಲೆ ಎಷ್ಟು ಎತ್ತರ ಎದ್ದಿರುವುದೋ ಅಷ್ಟೇ ಅದಕ್ಕೆ ಅಲೆಗಳ ಹೊಡೆತದಿಂದ ರಕ್ಷಣೆ. ಭಾರ ಹೆಚ್ಚಿದಂತೆ ಆ ಎತ್ತರ ತಗ್ಗುತ್ತದೆ, ಅಲೆ ಮೇಲ್ಮಾಳಿಗೆಯನ್ನು ಹತ್ತುತ್ತದೆ, ನೀರು ಒಳನುಗ್ಗುತ್ತದೆ. ಆದರೆ ಭಾರ ಹೆಚ್ಚಿದಂತೆ ಬಾಡಿಗೆಯೂ ಹೆಚ್ಚುತ್ತದೆ. ಸೌಮ್ಯವಾದ ಹವೆಯಲ್ಲಿ ಹಡಗು ದಡ ಸೇರಿದರೆ ಮಾಲಕನಿಗೆ ಲಾಭ. ಮುಳುಗಿದರೆ ವಿಮೆಯ ಹಣ. ಹಳೆಯ, ಕೊಳೆತ ಹಡಗಿಗೆ ಅದರ ಬೆಲೆಗಿಂತ ಹೆಚ್ಚು ವಿಮೆ ಮಾಡಿಸಿದವನಿಗಂತೂ ಹಡಗು ತೇಲುವುದಕ್ಕಿಂತ ಮುಳುಗುವುದೇ ಲಾಭಕರವಾಗುತ್ತಿತ್ತು. ಎಲ್ಲ ಮಾಲಕರೂ ಇಂಥವರಾಗಿರಲಿಲ್ಲ. ಆದರೆ ಅತಿಭಾರ ಹೇರುವವನ ಬಾಡಿಗೆಯ ದರ ಅಗ್ಗವಾದುದರಿಂದ ಪ್ರಾಮಾಣಿಕನಾದ ಮಾಲಕನು ಪೈಪೋಟಿಯಲ್ಲಿ ಸೋಲಬೇಕು ಇಲ್ಲವೆ ತಾನೂ ಅದೇ ದಾರಿ ಹಿಡಿಯಬೇಕು ಎಂಬಂತಾಗಿತ್ತು. ಇಂಥ ಹಡಗುಗಳಿಗೆ ಶವಪೆಟ್ಟಿಗೆಗಳೆಂಬ ಹೆಸರೇ ಜನರ ಬಾಯಲ್ಲಿ ರೂಢವಾಗಿತ್ತು.

ನಾವಿಕನ ಗತಿಯಾದರೋ ಇನ್ನೂ ಕಠಿಣ. ಹಡಗನ್ನು ಕಣ್ಣಿನಿಂದ ನೋಡುವ ಮೊದಲೇ ಅವನು ಕರಾರಿಗೆ ರುಜು ಹಾಕಿರುತ್ತಿದ್ದನು. ಧಕ್ಕೆಗೆ ಬಂದು ನೋಡಿ, ಇದು ದಡ ಸೇರದ ಹಡಗೆಂದು ತಿಳಿದು ಹತ್ತಲಾರೆನೆಂದರೆ ಕಾಯದೆಯ ಕಣ್ಣಿನಲ್ಲಿ ಅವನೇ ಅಪರಾಧಿ. 1870ರಿಂದ 1872ರ ವರೆಗಿನ ಅಲ್ಪಕಾಲದಲ್ಲಿ ಹೀಗೆ ಹಡಗು ಹತ್ತಲೊಪ್ಪದೆ ಸೆರೆಮನೆಗೆ ಹೋದವರ ಸಂಖ್ಯೆ ಸಾವಿರವನ್ನು ಮೀರಿತ್ತು. ಹಡಗು ಹತ್ತಿದರೆ ಕಡಲಿನ ತಳ, ಹತ್ತದಿದ್ದರೆ ಸೆರೆಮನೆ. ಮಾಲಕನಿಗೆ ಮಾತ್ರ ಎರಡೂ ಕಡೆಯಿಂದ ನಿರ್ಭಯ. ಕಾಯದೆಯೆಂಬುದು ಇರಲಿಲ್ಲವೆಂದಲ್ಲ, ಇದ್ದ ಕಾಯದೆ ಒಬ್ಬನ ಕೈ ಕಟ್ಟಿ ಇನ್ನೊಬ್ಬನ ಕೈ ಬಿಟ್ಟಿತ್ತು.

ಭಾರಕ್ಕೆ ಮಿತಿ ಇರಬೇಕೆಂಬ ವಿಚಾರ ಪ್ಲಿಮ್‌ಸಾಲರ ಸ್ವಂತದ್ದಲ್ಲ. ಹಡಗುಗಳ ಪರೀಕ್ಷೆ ಮಾಡುವ ಲಾಯ್ಡ್ಸ್ ರಿಜಿಸ್ಟರ್ ಸಂಸ್ಥೆಯು 1835ರಲ್ಲಿಯೇ, ಸರಕಿನ ಕೋಣೆಯ ಆಳದ ಪ್ರತಿ ಒಂದು ಅಡಿಗೆ ಮೂರು ಅಂಗುಲದಂತೆ ಒಡಲು ನೀರಿನ ಮೇಲಿರಬೇಕೆಂದು ಸೂಚಿಸಿತ್ತು. ಅದು ಸಲಹೆ ಮಾತ್ರ. ಬೇಕಾದವರು ಕೇಳಿದರು, ಬೇಡಾದವರು ಬಿಟ್ಟರು. 1866ರಲ್ಲಿ ಲಂಡನ್ ಎಂಬ ಹೆಸರಿನ ಉಗಿಹಡಗು ಬಿಸ್ಕೆ ಕೊಲ್ಲಿಯಲ್ಲಿ ಮುಳುಗಿ ಇನ್ನೂರಕ್ಕೂ ಹೆಚ್ಚು ಜನರು ಜಲಸಮಾಧಿ ಹೊಂದಿದಾಗ ದೇಶವೆಲ್ಲ ಮರುಗಿತು, ಆಮೇಲೆ ಮರೆಯಿತು. ಟೈನ್ ನದೀತೀರದ ಜೇಮ್ಸ್ ಹಾಲ್ ಎಂಬ ಹಡಗಿನ ಮಾಲಕರು, ತಾವೇ ಆ ವ್ಯಾಪಾರದವರಾದರೂ, ಈ ಅನ್ಯಾಯದ ವಿರುದ್ಧ ಪ್ಲಿಮ್‌ಸಾಲರಿಗಿಂತ ಮೊದಲೇ ಧ್ವನಿಯೆತ್ತಿದ್ದರು. ಅವರ ಬರಹಗಳಿಂದಲೇ ಪ್ಲಿಮ್‌ಸಾಲರ ಕಣ್ಣು ತೆರೆಯಿತು. ಹೊಸ ವಿಚಾರವನ್ನು ಹುಟ್ಟಿಸಿದ ಕೀರ್ತಿ ಅವರದಲ್ಲದಿರಬಹುದು; ಯಾರೂ ಕೇಳದ ವಿಚಾರವನ್ನು ಎಲ್ಲರೂ ಕೇಳುವಂತೆ ಮಾಡಿದ ಕೀರ್ತಿ ಅವರದೇ.

1870ರಲ್ಲಿ ಅವರು ಪಾರ್ಲಿಮೆಂಟಿನಲ್ಲಿ ಈ ಪ್ರಶ್ನೆಯನ್ನು ಎತ್ತಿದರು. ಸಭೆಯಲ್ಲಿ ಹಡಗಿನ ಮಾಲಕರೂ ಅವರ ಮಿತ್ರರೂ ಬಹಳ ಮಂದಿ. ಮಸೂದೆ ಮುಂದೆ ಸಾಗಲಿಲ್ಲ. ಒಳಗಿನ ಬಾಗಿಲು ತೆರೆಯದೆಂದು ಕಂಡಾಗ ಅವರು ಹೊರಗಿನ ಜನರ ಕಡೆಗೆ ತಿರುಗಿದರು. 1873ರಲ್ಲಿ ನಾವಿಕರ ಪರವಾಗಿ ಒಂದು ಮನವಿಯ ರೂಪದ ಪುಸ್ತಕವನ್ನು ಪ್ರಕಟಿಸಿದರು. ಅದರಲ್ಲಿ ಪಾಂಡಿತ್ಯವಿರಲಿಲ್ಲ, ವಾಕ್ಯಗಳಲ್ಲಿ ಹದವೂ ಇರಲಿಲ್ಲ. ಆದರೆ ಮುಳುಗಿದ ಹಡಗುಗಳ ಲೆಕ್ಕವಿತ್ತು, ವಿಮೆಯ ವ್ಯವಹಾರದ ವಿವರಣೆಯಿತ್ತು, ಗಂಡನನ್ನೂ ಮಗನನ್ನೂ ಕಳೆದುಕೊಂಡ ಹೆಂಗಸರ ಮನೆಗಳ ಚಿತ್ರವಿತ್ತು. ಪುಸ್ತಕ ಮನೆಮನೆಗೆ ತಲುಪಿತು. ಕಾರಖಾನೆಯ ಕೆಲಸಗಾರ ಮಕ್ಕಳ ಪರವಾಗಿ ಹೋರಾಡಿ ಹೆಸರಾದ ಲಾರ್ಡ್ ಶಾಫ್ಟ್ಸ್‌ಬರಿಯವರು ಚಳವಳಿಯ ಮುಂದಾಳುಗಳಾದರು. ಕಡಲನ್ನೇ ಕಾಣದ ಗಣಿ ಕೆಲಸಗಾರರ ಸಂಘಗಳು ತಮ್ಮ ಕೂಲಿಯಿಂದ ಹಣ ಕೂಡಿಸಿ ಕೊಟ್ಟವು. ನೆಲದ ಕೆಳಗೆ ಪ್ರಾಣವನ್ನು ಪಣವೊಡ್ಡಿ ದುಡಿಯುವವರಿಗೆ ನೀರಿನ ಮೇಲೆ ಹಾಗೆಯೇ ದುಡಿಯುವವರ ಸಂಕಟ ಯಾರೂ ಹೇಳದೆಯೇ ತಿಳಿಯಿತು.

ಪ್ಲಿಮ್‌ಸಾಲರಲ್ಲಿ ದೋಷಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಅವರು ಆತುರದ ಸ್ವಭಾವದವರು. ಕೇಳಿದುದನ್ನು ಸಾಕಷ್ಟು ಪರೀಕ್ಷಿಸದೆ ಬರೆದುದೂ ಉಂಟು. ನಿರಪರಾಧಿಗಳಿಗೆ ನೋವಾಗುವಂತೆ ಆರೋಪಿಸಿದುದೂ ಉಂಟು. ಮಾನಹಾನಿಯ ಖಟ್ಲೆಗಳು ಅವರ ಮೇಲೆ ಬಂದವು. ಗಳಿಸಿದ ಹಣದಲ್ಲಿ ಬಹುಭಾಗ ವಕೀಲರ ಪಾಲಾಯಿತು. ಪಾರ್ಲಿಮೆಂಟಿನಲ್ಲಿ ಒಮ್ಮೆ ಕ್ಷಮೆಯನ್ನೂ ಕೇಳಬೇಕಾಯಿತು. ಪುಸ್ತಕದ ಪರಿಣಾಮವಾಗಿ 1873ರಲ್ಲಿಯೇ ಸರಕಾರ ಡ್ಯೂಕ್ ಆಫ್ ಸಾಮರ್ಸೆಟ್‌ರ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗವನ್ನು ನೇಮಿಸಿತು. ಆಯೋಗದ ವರದಿ 1874ರಲ್ಲಿ ಹೊರಬಂದಾಗ, ಕೇಡು ಇರುವುದೇನೋ ನಿಜ, ಆದರೆ ಹಡಗು ಹಡಗಿಗೂ ಬೇರೆಬೇರೆಯಾದ ಮಿತಿಯನ್ನು ಕಾಯದೆಯಿಂದ ಗೊತ್ತುಪಡಿಸುವುದು ಅಸಾಧ್ಯವೆಂಬ ಅಭಿಪ್ರಾಯ ಅದರಲ್ಲಿತ್ತು. ಅದೇ ವರ್ಷ ಪ್ಲಿಮ್‌ಸಾಲರು ತಂದ ಮಸೂದೆ ಮೂರೇ ಮತಗಳ ಅಂತರದಿಂದ ಬಿದ್ದುಹೋಯಿತು.

1875ರಲ್ಲಿ ಡಿಸ್ರೇಲಿಯವರ ಸರಕಾರ ತಾನೇ ಒಂದು ಮಸೂದೆಯನ್ನು ತಂದಿತು. ಪ್ಲಿಮ್‌ಸಾಲರ ದೃಷ್ಟಿಯಲ್ಲಿ ಅದು ಸಾಲದಾಗಿತ್ತು. ಆದರೂ ಅಷ್ಟಾದರೂ ಆಗಲೆಂದು ಕಾದರು. ಜುಲೈ 22ರಂದು ಡಿಸ್ರೇಲಿಯವರು ಎದ್ದುನಿಂತು, ಗೇಣಿದಾರರಿಗೆ ಸಂಬಂಧಿಸಿದ ಮಸೂದೆಗೆ ಹೊತ್ತು ಬೇಕಾಗಿರುವುದರಿಂದ ನೌಕಾ ಮಸೂದೆಯನ್ನು ಆ ವರ್ಷಕ್ಕೆ ಕೈಬಿಡಲಾಗಿದೆಯೆಂದು ತಿಳಿಸಿದರು. ಮಸೂದೆ ಇನ್ನೊಂದು ವರ್ಷ ಮುಂದಕ್ಕೆ ಹೋಯಿತೆಂದರೆ ಇನ್ನೊಂದು ಚಳಿಗಾಲದ ಬಿರುಗಾಳಿಗೆ ನೂರಾರು ಜನ ಬಲಿಯೆಂಬುದು ಪ್ಲಿಮ್‌ಸಾಲರಿಗೆ ಗೊತ್ತಿತ್ತು. ಅವರ ತಾಳ್ಮೆ ಹರಿಯಿತು. ಸಭೆಯ ನಡುವೆ ಬಂದು ನಿಂತು, ಅಲ್ಲಿಯೇ ಕುಳಿತಿದ್ದ ಒಬ್ಬ ಮಾಲಕ ಸದಸ್ಯರ ಮುಳುಗಿದ ಹಡಗುಗಳ ಹೆಸರುಗಳನ್ನು ಹೇಳಿ, ಸದಸ್ಯರನ್ನು ದುಷ್ಟರೆಂದು ಕರೆದು, ಸಭಾಧ್ಯಕ್ಷರ ಪೀಠದ ಕಡೆಗೆ ಮುಷ್ಟಿ ಆಡಿಸಿದರು. ಮಾತನ್ನು ಹಿಂತೆಗೆದುಕೊಳ್ಳಬೇಕೆಂಬ ಆಜ್ಞೆಯನ್ನು ತಿರಸ್ಕರಿಸಿ ಹೊರನಡೆದರು. ಅವರ ಲಿಖಿತ ಪ್ರತಿಭಟನೆಯ ಪ್ರತಿಗಳನ್ನು ಪತ್ನಿ ಎಲಿಝಾ ಅವರೇ ಮಹಿಳೆಯರ ಗ್ಯಾಲರಿಯಿಂದ ಪತ್ರಕರ್ತರಿಗೆ ತಲುಪಿಸಿದರೆಂದು ಹೇಳುತ್ತಾರೆ.

ಸಭೆಯ ಮರ್ಯಾದೆಯನ್ನು ಮುರಿದುದು ತಪ್ಪೇ. ಒಂದು ವಾರದ ಮೇಲೆ, ಜುಲೈ 29ರಂದು, ಅವರು ತಮ್ಮ ನಡತೆಗಾಗಿ ಸಭೆಯ ಕ್ಷಮೆ ಕೇಳಿದರು; ತಾವು ಹೇಳಿದ ಸಂಗತಿಗಳನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ದೇಶವೆಲ್ಲ ಎದ್ದುನಿಂತಿತ್ತು. ಊರೂರುಗಳಲ್ಲಿ ಸಭೆಗಳು ನೆರೆದವು. ವರ್ಷಕ್ಕೆ ಮುಂದೂಡಿದ್ದ ಸರಕಾರಕ್ಕೆ ಆಗ ದಿನಗಳಲ್ಲಿ ಪುರಸತ್ತು ದೊರೆಯಿತು. ಅದೇ ಅಧಿವೇಶನದಲ್ಲಿ ಒಂದು ವರ್ಷದ ಅವಧಿಯ ತಾತ್ಕಾಲಿಕ ಕಾಯದೆ ಪಾಸಾಯಿತು. ಸಮುದ್ರಯಾನಕ್ಕೆ ಯೋಗ್ಯವಲ್ಲದ ಹಡಗನ್ನು ಬಂದರದಲ್ಲಿಯೇ ತಡೆಹಿಡಿಯುವ ಅಧಿಕಾರ ವ್ಯಾಪಾರ ಮಂಡಳಿಯ ಅಧಿಕಾರಿಗಳಿಗೆ ಬಂದಿತು. ಮರುವರ್ಷ, 1876ರಲ್ಲಿ, ಕಾಯಂ ಕಾಯದೆಯಾಯಿತು. ಪ್ರತಿಯೊಂದು ಬ್ರಿಟಿಷ್ ವ್ಯಾಪಾರಿ ಹಡಗಿನ ಪಕ್ಕೆಯ ಮೇಲೆ ಭಾರದ ಗೆರೆ ಇರಲೇಬೇಕೆಂಬ ನಿಯಮ ಬಂದಿತು.

ಸಾಧಾರಣವಾದ ಚರಿತ್ರೆಗಳು ಇಲ್ಲಿಗೆ ಮುಗಿಯುತ್ತವೆ. ಆದರೆ ನಮ್ಮ ವಾಚಕರು ಮುಖ್ಯವಾಗಿ ಗಮನಿಸಬೇಕಾದುದು ಇಲ್ಲಿಂದ ಮುಂದಿನ ಭಾಗ. 1876ರ ಕಾಯದೆ ಗೆರೆಯನ್ನು ಎಳೆಯಬೇಕೆಂದು ಹೇಳಿತು. ಎಲ್ಲಿ ಎಳೆಯಬೇಕೆಂದು ಹೇಳಲಿಲ್ಲ. ಆ ಸ್ಥಳವನ್ನು ನಿಶ್ಚಯಿಸುವ ಹಕ್ಕು ಹಡಗಿನ ಮಾಲಕನಿಗೇ ಉಳಿಯಿತು. ಹೆಚ್ಚು ಭಾರ ಹೇರಿದರೆ ಯಾರಿಗೆ ಲಾಭವೋ ಅವನ ಕೈಗೇ ಬಣ್ಣದ ಕುಂಚವನ್ನು ಕೊಟ್ಟು, ಮಿತಿಯನ್ನು ನೀನೇ ಬರೆದುಕೊ ಎಂದಂತಾಯಿತು. ಒಬ್ಬ ಕಪ್ತಾನನು ಆ ಗೆರೆಯನ್ನು ಹೊಗೆಕೊಳವೆಯ ಮೇಲೆ ಬರೆಯಿಸಿದನೆಂಬ ಕಥೆ ಇದೆ. ಕಥೆ ನಿಜವಿರಲಿ ಸುಳ್ಳಿರಲಿ, ಆ ಕಾಯದೆಯ ಪ್ರಕಾರ ಅದು ತಪ್ಪಾಗುತ್ತಿರಲಿಲ್ಲವೆಂಬುದೇ ಇದರ ಹುರುಳು. ಗೆರೆ ಇತ್ತು, ಕಾಯದೆ ಇತ್ತು, ದಂಡವೂ ಇತ್ತು. ರಕ್ಷಣೆ ಮಾತ್ರ ಇರಲಿಲ್ಲ.

ಈ ಲೋಪವನ್ನು ತುಂಬಲು ಹದಿನಾಲ್ಕು ವರ್ಷಗಳು ಬೇಕಾದವು. ಕೂಗಿನಿಂದ ಆಗುವಷ್ಟು ಆಗಿತ್ತು; ಇನ್ನು ಲೆಕ್ಕದ ಕೆಲಸ ಉಳಿದಿತ್ತು. ಹಡಗುಗಳ ಉದ್ದ, ಅಗಲ, ಆಳ, ಆಕಾರ, ಕಟ್ಟಡದ ಬಲ ಇವೆಲ್ಲವನ್ನೂ ಅಳೆದು ಯಾವ ಬಗೆಯ ಹಡಗಿಗೆ ಎಷ್ಟು ಒಡಲು ನೀರಿನ ಮೇಲಿರಬೇಕೆಂಬ ಕೋಷ್ಟಕಗಳನ್ನು ಲಾಯ್ಡ್ಸ್ ರಿಜಿಸ್ಟರಿನ ಮುಖ್ಯ ಪರೀಕ್ಷಕರಾದ ಬೆಂಜಮಿನ್ ಮಾರ್ಟೆಲ್ಲರು ಸಿದ್ಧಪಡಿಸಿದರು. 1882ರಲ್ಲಿ ಅವು ಪ್ರಕಟವಾದವು. ಅಸಾಧ್ಯವೆಂದು ಆಯೋಗ ಹೇಳಿದ್ದುದು ಸಾಧ್ಯವೆಂದು ಸಿದ್ಧವಾಯಿತು. ಸರಕಾರದ ಸಮಿತಿಯೊಂದು ಅವನ್ನು ಪರಿಶೀಲಿಸಿ ತಿದ್ದಿತು. ಕೊನೆಗೆ 1890ರ ಕಾಯದೆಯಿಂದ ಗೆರೆಯ ಸ್ಥಳವನ್ನು ಮಾಲಕನ ಕೈಯಿಂದ ತೆಗೆದು ಕೋಷ್ಟಕಗಳಿಗೆ ಒಪ್ಪಿಸಲಾಯಿತು. ಪ್ಲಿಮ್‌ಸಾಲರ ಗೆರೆ ನಿಜವಾಗಿ ಕಾಯದೆಯಾದುದು ಅಂದು. 1875ರ ಗದ್ದಲವನ್ನು ಎಲ್ಲರೂ ನೆನೆಯುತ್ತಾರೆ. ಮಾರ್ಟೆಲ್ಲರ ಅಂಕಿಗಳನ್ನು ನೆನೆಯುವವರು ಕಡಿಮೆ. ಎರಡರಲ್ಲಿ ಒಂದಿಲ್ಲದಿದ್ದರೂ ನಾವಿಕನಿಗೆ ನೆಲೆಯಿರಲಿಲ್ಲ.

ಇಷ್ಟರೊಳಗೆ ಪ್ಲಿಮ್‌ಸಾಲರು ಪಾರ್ಲಿಮೆಂಟಿನಿಂದ ಹೊರಗೆ ಬಂದಿದ್ದರು. 1880ರಲ್ಲಿ ಡರ್ಬಿಯಿಂದ ಮತ್ತೆ ಆರಿಸಿಬಂದರೂ, ಮರುಚುನಾವಣೆಯಲ್ಲಿ ಸ್ಥಾನ ಕಳೆದುಕೊಂಡಿದ್ದ ಗೃಹಮಂತ್ರಿ ಸರ್ ವಿಲಿಯಂ ಹಾರ್ಕೋರ್ಟರಿಗಾಗಿ ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟರು. ಮಂತ್ರಿಯಾದವರು ನಾವಿಕರ ಕಾರ್ಯವನ್ನು ತನಗಿಂತ ಚೆನ್ನಾಗಿ ನಡೆಸಿಯಾರೆಂಬುದು ಅವರ ನಂಬಿಕೆ. ಆ ನಂಬಿಕೆ ಫಲಿಸಲಿಲ್ಲ. ಮರಳಿ ಸಭೆಗೆ ಹೋಗುವ ಯತ್ನವೂ ಕೈಗೂಡಲಿಲ್ಲ. ಆದರೂ ಕೆಲಸ ನಿಲ್ಲಿಸಲಿಲ್ಲ. 1887ರಲ್ಲಿ ಸ್ಥಾಪಿತವಾದ ನಾವಿಕರ ಮತ್ತು ಉಗಿಯಂತ್ರದ ಕೆಲಸಗಾರರ ಸಂಘಕ್ಕೆ ಅವರು ಅಧ್ಯಕ್ಷರಾದರು. ಹಡಗುಗಳಲ್ಲಿ ದನಗಳನ್ನು ಕಿಕ್ಕಿರಿದು ತುಂಬಿ ಸಾಗಿಸುವ ಕ್ರೌರ್ಯದ ವಿರುದ್ಧ 1890ರಲ್ಲಿ ಮತ್ತೊಂದು ಪುಸ್ತಕ ಬರೆದರು. 1898ನೆಯ ಇಸವಿಯ ಜೂನ್ 3ರಂದು ಫೋಕ್‌ಸ್ಟನ್‌ನಲ್ಲಿ, ಕಡಲ ದಂಡೆಯ ಊರಿನಲ್ಲಿ, ತೀರಿಕೊಂಡರು. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ ಅವರ ಸ್ಮಾರಕವನ್ನು 1929ರಲ್ಲಿ ನಿಲ್ಲಿಸಿದವರು ನಾವಿಕರ ಸಂಘದವರೇ. ರಬ್ಬರಿನ ಅಂಚು ಕಟ್ಟಿದ ಕ್ಯಾನ್ವಾಸಿನ ಪಾದರಕ್ಷೆಗೂ ಆ ಅಂಚಿನ ಗೆರೆಯಿಂದಾಗಿ ಇಂಗ್ಲೆಂಡಿನ ಜನ ಅವರ ಹೆಸರನ್ನೇ ಇಟ್ಟರು.

ಅವರ ಮರಣದ ಮೇಲೆಯೂ ಗೆರೆ ತನ್ನ ಪ್ರಯಾಣವನ್ನು ಮುಂದುವರಿಸಿತು. 1906ರ ಕಾಯದೆಯಿಂದ ಬ್ರಿಟಿಷ್ ಬಂದರಗಳಿಗೆ ಬರುವ ಪರದೇಶದ ಹಡಗುಗಳಿಗೂ ಅದು ಅನ್ವಯವಾಯಿತು. ಅದೇ ಸಂದರ್ಭದಲ್ಲಿ ಕೋಷ್ಟಕಗಳನ್ನು ತಿದ್ದಿ, ಹಡಗುಗಳು ಮೊದಲಿಗಿಂತ ಆಳಕ್ಕೆ ಇಳಿಯಬಹುದೆಂದು ಗೆರೆಯನ್ನು ಮೇಲಕ್ಕೆ ಸರಿಸಿದುದೂ ಉಂಟು. ನಾವಿಕರ ಪಕ್ಷದವರು ಅದನ್ನು ಕಟುವಾಗಿ ಟೀಕಿಸಿದರು. ಒಮ್ಮೆ ಎಳೆದ ಗೆರೆಯನ್ನು ಕಾಯುವವರು ಇಲ್ಲದಿದ್ದರೆ ಅದು ಸರಿಯುತ್ತದೆಂಬುದಕ್ಕೆ ಇದೂ ಒಂದು ದೃಷ್ಟಾಂತ. 1930ರಲ್ಲಿ ಲಂಡನ್ನಿನಲ್ಲಿ ನಾನಾ ರಾಷ್ಟ್ರಗಳು ಕೂಡಿ ಭಾರರೇಖೆಯ ಬಗ್ಗೆ ಒಪ್ಪಂದ ಮಾಡಿಕೊಂಡವು. 1966ನೆಯ ಇಸವಿಯ ಏಪ್ರಿಲ್ 5ರಂದು ಆದ ಎರಡನೆಯ ಒಪ್ಪಂದವು 1968ರಿಂದ ಜಾರಿಗೆ ಬಂದು ಇಂದಿಗೂ ಆಧಾರವಾಗಿದೆ.

ಈಗ ಹಡಗಿನ ಮೇಲೆ ಕಾಣುವುದು ಒಂದೇ ಗೆರೆಯಲ್ಲ. ವರ್ತುಳದ ಪಕ್ಕದಲ್ಲಿ ಏಣಿಯ ಮೆಟ್ಟಿಲಿನಂತೆ ಹಲವು ಗೆರೆಗಳಿರುತ್ತವೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದುದರಿಂದ ನದಿಯ ಬಂದರದಲ್ಲಿ ಹಡಗು ಹೆಚ್ಚು ಆಳಕ್ಕೆ ಇಳಿಯುತ್ತದೆ, ಅದಕ್ಕೊಂದು ಗೆರೆ. ಉಷ್ಣವಲಯದ ಕಡಲಿಗೆ ಒಂದು, ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು. ಎಲ್ಲಕ್ಕಿಂತ ಕೆಳಗಿನದು ಉತ್ತರ ಅಟ್ಲಾಂಟಿಕದ ಚಳಿಗಾಲದ ಗೆರೆ. ಅಲ್ಲಿಯ ಬಿರುಗಾಳಿ ಅಷ್ಟು ಭಯಂಕರ. ನಮ್ಮ ಅರಬೀ ಸಮುದ್ರಕ್ಕೂ ಇದರಲ್ಲಿ ವಿಶೇಷ ನಿಯಮವಿದೆ. ಉಷ್ಣವಲಯದ ಕಡಲಾದರೂ ಮುಂಗಾರಿನ ತಿಂಗಳುಗಳಲ್ಲಿ ಉಷ್ಣವಲಯದ ಗೆರೆಯ ವರೆಗೆ ಭಾರ ಹೇರುವಂತಿಲ್ಲ. ಅದಕ್ಕಿಂತ ಕೆಳಗಿನ ಗೆರೆಗೇ ನಿಲ್ಲಿಸಬೇಕು. ಮಳೆಗಾಲದಲ್ಲಿ ಕಡಲಿಗೆ ಇಳಿಯಬಾರದೆಂದು ನಮ್ಮ ಕರಾವಳಿಯ ಮೊಗವೀರರೂ ಖಾರ್ವಿಗಳೂ ತಲೆತಲಾಂತರದಿಂದ ತಿಳಿದಿದ್ದುದನ್ನೇ ರಾಷ್ಟ್ರಗಳ ಒಪ್ಪಂದ ಉಕ್ಕಿನ ಮೇಲೆ ಬರೆದಿದೆ.

ಈ ಗೆರೆಯಿಂದ ಉಳಿದವರು ಇಂಗ್ಲಿಷರು ಮಾತ್ರವಲ್ಲ. ಬ್ರಿಟಿಷ್ ವ್ಯಾಪಾರಿ ಹಡಗುಗಳ ಬೆಂಕಿಯ ಕೋಣೆಗಳಲ್ಲಿ ಕಲ್ಲಿದ್ದಲು ಎರಚಿದ ನಮ್ಮ ದೇಶದ ಖಲಾಸಿಗಳು ಸಾವಿರಾರು ಮಂದಿ. ಕಡಿಮೆ ಸಂಬಳಕ್ಕೆ, ಇಕ್ಕಟ್ಟಾದ ವಸತಿಯಲ್ಲಿ ದುಡಿದ ಆ ಜನರಿಗೂ ನೀರಿನ ಮೇಲಿನ ಒಡಲೇ ರಕ್ಷಣೆಯಾಗಿತ್ತು. 1919ನೆಯ ಇಸವಿಯ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ ಲಾಯಲ್ಟಿ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟ ದಿನವನ್ನು ನಾವು ರಾಷ್ಟ್ರೀಯ ನೌಕಾದಿನವೆಂದು ಆಚರಿಸುತ್ತೇವೆ. ಸ್ವಂತ ಹಡಗು ಬೇಕೆಂಬ ಅಭಿಮಾನ ಯೋಗ್ಯವಾದುದು. ಆದರೆ ಹಡಗು ನಮ್ಮದಾದ ಮಾತ್ರಕ್ಕೆ ಕಡಲು ದಾಕ್ಷಿಣ್ಯ ತೋರುವುದಿಲ್ಲ. 1947ರ ಜುಲೈ 17ರಂದು, ಸ್ವಾತಂತ್ರ್ಯಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ, ಮುಂಬಯಿಯಿಂದ ರೇವಸಕ್ಕೆ ಹೊರಟಿದ್ದ ರಾಮದಾಸ ಎಂಬ ಪ್ರಯಾಣಿಕರ ಹಡಗು ಮಳೆಗಾಲದ ಕಡಲಿನಲ್ಲಿ ಮಗುಚಿ 600ಕ್ಕೂ ಹೆಚ್ಚು ಜನ ಮಡಿದರು. 2019ರ ಜನವರಿಯಲ್ಲಿ ಕಾರವಾರದ ಸಮೀಪದ ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 15ಕ್ಕೂ ಹೆಚ್ಚು ಜನ ಸತ್ತರು. ದೋಣಿ ಅಳತೆಗೆ ಮೀರಿ ಜನರನ್ನು ಹತ್ತಿಸಿಕೊಂಡಿತ್ತೆಂದು ವರದಿಯಾಯಿತು. ದೊಡ್ಡ ಹಡಗಿಗೆ ಇರುವ ಗೆರೆಯ ನ್ಯಾಯ ಜಾತ್ರೆಯ ದೋಣಿಗೂ ಸಲ್ಲಬೇಡವೇ?

ನಮ್ಮ ದೇಶದಲ್ಲಿ ಕಾಯದೆಗಳಿಗೆ ಕೊರತೆಯಿಲ್ಲ. 1923ರ ವ್ಯಾಪಾರಿ ನೌಕಾ ಕಾಯದೆಯ ತರುವಾಯ 1958ರ ಕಾಯದೆ ಬಂದಿತು; 2025ರಲ್ಲಿ ಸಂಸತ್ತು ಹೊಸದೊಂದನ್ನು ಅಂಗೀಕರಿಸಿತು. ಬಂದರ ಮತ್ತು ಹಡಗುಗಳ ಭದ್ರತೆಗಾಗಿ 2004ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮಾವಳಿಯೂ ಇದೆ; ಪ್ರತಿ ಹಡಗಿನಲ್ಲಿ ಭದ್ರತೆಯ ಅಧಿಕಾರಿ, ಭದ್ರತೆಯ ಯೋಜನೆ, ಪ್ರಮಾಣಪತ್ರ ಎಲ್ಲವೂ ಇರಬೇಕು. ಆದರೆ ಇಂದಿನ ಹಡಗಿನ ಮಾಲಕನು ಒಂದು ದೇಶದವನು, ಬಾವುಟ ಇನ್ನೊಂದು ದೇಶದ್ದು, ನಾವಿಕರು ಮತ್ತೊಂದು ದೇಶದವರು. ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳು ಎಂಬ ಮೂರು ಚಿಕ್ಕ ದೇಶಗಳ ಬಾವುಟಗಳೇ ಲೋಕದ ಹಡಗುಗಳಲ್ಲಿ ಬಹಳಷ್ಟರ ಮೇಲೆ ಹಾರುತ್ತವೆ. ಬಾವುಟವನ್ನು ಆರಿಸಿಕೊಳ್ಳುವವನು ಮಾಲಕನೇ. ಎಂದರೆ ತನ್ನ ಪರೀಕ್ಷಕ ಯಾರಾಗಬೇಕೆಂಬುದನ್ನು ಪರೀಕ್ಷೆಗೆ ಒಳಗಾಗುವವನೇ ಆರಿಸಿಕೊಳ್ಳುವಂತಾಗಿದೆ. 1876ರ ಕುಂಚ ಮತ್ತೆ ಹಳೆಯ ಕೈಗೆ ಬಂದಂತಲ್ಲವೇ ಇದು?

ಇದಕ್ಕೆ ಪ್ರತಿಯಾಗಿ ಉಳಿದಿರುವ ಉಪಾಯವೆಂದರೆ, ಹಡಗು ಯಾವ ಬಂದರಕ್ಕೆ ಬರುವುದೋ ಆ ದೇಶದ ಅಧಿಕಾರಿ ಹತ್ತಿ ನೋಡಿ, ಅಯೋಗ್ಯವಾದರೆ ತಡೆಹಿಡಿಯುವುದು. ಹಿಂದೂ ಮಹಾಸಾಗರದ ದೇಶಗಳು ಈ ವಿಷಯದಲ್ಲಿ 1998ರಲ್ಲಿ ಒಡಂಬಡಿಕೆ ಮಾಡಿಕೊಂಡಿವೆ, ಭಾರತವೂ ಅದರಲ್ಲಿದೆ. ಪರದೇಶದ ಹಡಗಿನ ಅಪಾಯ ಪರದೇಶಕ್ಕೇ ಸೇರಿದುದಲ್ಲವೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2022ರ ಜೂನ್ ತಿಂಗಳಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಉಳ್ಳಾಲದ ಬಳಿ ಕೆಟ್ಟು ನಿಂತು, ಅದರಲ್ಲಿದ್ದ 15 ಜನ ಸಿರಿಯಾದ ನಾವಿಕರನ್ನು ನಮ್ಮ ಕರಾವಳಿ ರಕ್ಷಣಾ ಪಡೆಯವರು ಉಳಿಸಿದರು. 2025ರ ಮೇ 25ರಂದು ಲೈಬೀರಿಯಾದ ಬಾವುಟದ ಎಂ.ಎಸ್.ಸಿ. ಎಲ್ಸಾ 3 ಎಂಬ ಹಡಗು 640 ಕಂಟೇನರುಗಳೊಂದಿಗೆ ಕೊಚ್ಚಿಯ ಆಚೆ ಮುಳುಗಿದಾಗ ತೇಲಿಬಂದ ಸರಕು ಕೇರಳದ ಮೀನುಗಾರರ ದಂಡೆಗೆ ಬಂದು ಬಿದ್ದಿತು. ಇವುಗಳ ಕಾರಣಗಳು ಬೇರೆಬೇರೆ ಇರಬಹುದು. ಬಂದರದ ಪರೀಕ್ಷಕನ ಕಣ್ಣು ಚುರುಕಾಗಿರಬೇಕು, ಕೈ ಶುದ್ಧವಾಗಿರಬೇಕು ಎಂಬ ಪಾಠ ಮಾತ್ರ ಎಲ್ಲಕ್ಕೂ ಒಂದೇ.

ಪ್ಲಿಮ್‌ಸಾಲರು ತಮಗಾಗಿ ಏನನ್ನೂ ಗಳಿಸಲಿಲ್ಲ, ಗಳಿಸಿದ್ದನ್ನು ಕಳೆದುಕೊಂಡರು. ಅವರ ಮಾತಿನಲ್ಲಿ ಸಂಯಮವಿರಲಿಲ್ಲ, ಅವರ ಮೊದಲ ಕಾಯದೆ ಅರ್ಧ ಕಾಯದೆಯಾಗಿತ್ತು. ಆದರೂ ಹಸಿದಿದ್ದಾಗ ಜೊತೆಗಿದ್ದವರನ್ನು ಉಂಡ ಮೇಲೆ ಮರೆಯದ ಒಬ್ಬ ಮನುಷ್ಯನಿಂದ ಎಷ್ಟು ಆಗಬಹುದೆಂಬುದನ್ನು ಅವರು ತೋರಿಸಿದರು. ಅವರು ಬಿಟ್ಟುಹೋದ ಪಾಠ ಕಡಲಿಗೆ ಮಾತ್ರ ಸೇರಿದುದಲ್ಲ. ಬಸ್ಸಿಗೆ, ಗಣಿಗೆ, ಕಾರಖಾನೆಗೆ, ಕಟ್ಟಡಕ್ಕೆ, ಎಲ್ಲೆಲ್ಲಿ ಒಬ್ಬನ ಲಾಭ ಇನ್ನೊಬ್ಬನ ಪ್ರಾಣದ ಮೇಲೆ ನಿಂತಿದೆಯೋ ಅಲ್ಲೆಲ್ಲ ಒಂದು ಗೆರೆ ಬೇಕು. ಆ ಗೆರೆಯನ್ನು ಎಳೆಯುವ ಕೈ ಲಾಭ ಪಡೆಯುವವನ ಕೈ ಆಗಿರಕೂಡದು. ಮತ್ತು ಎಳೆದ ಗೆರೆ ಎಲ್ಲರ ಕಣ್ಣಿಗೂ ಕಾಣುವಂತಿರಬೇಕು. ಪಣಂಬೂರಿನಲ್ಲಿ ಆ ವರ್ತುಳವನ್ನು ನೋಡಿದವರು, ಅದರ ಹಿಂದೆ ದಡ ಸೇರದೆ ಹೋದ ಸಾವಿರಾರು ನಾವಿಕರಿದ್ದಾರೆಂಬುದನ್ನು ಒಂದು ಕ್ಷಣ ನೆನೆಯಲಿ.